ಪೂರ್ಣ ಅಳತೆಯ ಪಿಟೀಲು

ಬೆಳೆಯುವ ಮಕ್ಕಳಿಗೆ ಅಂಗಿ ಹೊಲಿಸುವಾಗ ಹಿರಿಯರು ದರ್ಜಿಗೆ ಹೇಳುವ ಮಾತು ಒಂದೇ: “ನಾಲ್ಕು ಬೆರಳು ಹೆಚ್ಚಿಗೆ ಬಿಡು.” ಪಾದರಕ್ಷೆ ಕೊಳ್ಳುವಾಗಲೂ ಹಾಗೆಯೇ, ತುದಿಯಲ್ಲಿ ತುಸು ಅರಳೆ ತುರುಕಿದರೆ ಎರಡು ವರ್ಷ ನಡೆಯುತ್ತದೆ. ಈ ಜಾಣತನದಿಂದ ಎಷ್ಟೋ ಸಂಸಾರಗಳು ದಡ ಸೇರಿವೆ; ಅದನ್ನು ಹಳಿಯುವಂತಿಲ್ಲ. ಆದರೆ ಪಿಟೀಲಿನ ಮುಂದೆ ಮಾತ್ರ ಅದು ಸೋಲುತ್ತದೆ. ಕೈಗೆ ದೊಡ್ಡದಾದ ಪಿಟೀಲಿಗೆ ಅರಳೆ ತುರುಕುವ ಉಪಾಯವಿಲ್ಲ.

ದಾಂಡೇಲಿಯ ಒಬ್ಬ ತಂದೆಗೆ ಈ ಸಂಗತಿ ಅರಿವಾದದ್ದು ಮಗಳ ಹನ್ನೆರಡನೆಯ ವರ್ಷದಲ್ಲಿ. ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ ಆತನು ಪ್ರತಿ ಭಾನುವಾರ ಬೆಳಗಿನ ಬಸ್ಸಿನಲ್ಲಿ ಮಗಳನ್ನು ಹಳಿಯಾಳದ ಮಾರ್ಗವಾಗಿ ಧಾರವಾಡಕ್ಕೆ ಕರೆದೊಯ್ಯುತ್ತಿದ್ದನು. ಸುಮಾರು 55 ಕಿಲೋಮೀಟರಿನ ದಾರಿ. ರಾತ್ರಿಯ ಪಾಳಿ ಮುಗಿಸಿ ಬಂದ ದಿನ ಆತನು ದಾರಿಯುದ್ದಕ್ಕೂ ನಿದ್ರಿಸುವನು. ಮಗಳು ಎಚ್ಚರವಿದ್ದು ಟಿಕೆಟ್ಟು ಪಡೆಯುವಳು. ಅವಳ ತೊಡೆಯ ಮೇಲೆ ಬಟ್ಟೆಯ ಚೀಲದಲ್ಲಿ ಮುಕ್ಕಾಲು ಅಳತೆಯ ಪಿಟೀಲು ಮಲಗಿರುವುದು.

ಧಾರವಾಡದಲ್ಲಿ ಆಕೆಗೆ ಕಲಿಸುತ್ತಿದ್ದ ಗುರುಗಳಿಗೆ ದೃಷ್ಟಿಯಿರಲಿಲ್ಲ. ಅವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೆಳೆದು ವಿದ್ಯೆ ಪಡೆದವರು. ಪಂಚಾಕ್ಷರಿ ಗವಾಯಿಗಳು (1892–1944) ಕಟ್ಟಿ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಬೆಳೆಸಿದ ಆ ಆಶ್ರಮದಲ್ಲಿ ಅಂಧ ಮಕ್ಕಳೂ ಬಡ ಮಕ್ಕಳೂ ಅನ್ನ, ವಸತಿ, ಸಂಗೀತ ಮೂರನ್ನೂ ಬೆಲೆಯಿಲ್ಲದೆ ಪಡೆದರು. ಕಟ್ಟಿದವರಿಗೂ ಕಣ್ಣಿರಲಿಲ್ಲ, ಬೆಳೆಸಿದವರಿಗೂ ಇರಲಿಲ್ಲ. ಹಾಡುಗಾರಿಕೆಯ ಜೊತೆಗೆ ಪುಟ್ಟರಾಜರು ಬಲ್ಲ ವಾದ್ಯಗಳು ಹಲವು. ಅವುಗಳಲ್ಲಿ ಪಿಟೀಲೂ ಒಂದು.

ಹುಡುಗಿ ಮೊದಲ ದಿನ ತನ್ನ ಮುಕ್ಕಾಲು ಪಿಟೀಲನ್ನು ಗುರುಗಳ ಕೈಗೆ ಕೊಟ್ಟಾಗ ಅವರು ಅದರ ಬೆರಳಾಡುವ ಹಲಗೆಯ ಮೇಲೆ ಕೈಯಾಡಿಸಿ ನಕ್ಕಿದ್ದರು. ಅಲ್ಲಿ ಮೂರು ಕಡೆ ತೆಳುವಾದ ಪಟ್ಟಿಗಳನ್ನು ಅಂಟಿಸಲಾಗಿತ್ತು. ಆ ಪಿಟೀಲು ಅವಳಿಗಿಂತ ಮುಂಚೆ ಇಬ್ಬರು ಮಕ್ಕಳ ಕೈಯಲ್ಲಿ ಬೆಳೆದದ್ದು. ಸ್ವರದ ಸ್ಥಾನ ತಪ್ಪದಿರಲೆಂದು ಯಾರೋ ಗುರುತು ಹಾಕಿದ್ದರು. “ಇರಲಿ, ಸವೆದು ಹೋಗತಾವ” ಎಂದು ಹೇಳಿ ಗುರುಗಳು ಅವನ್ನು ಕೀಳದೆ ಬಿಟ್ಟಿದ್ದರು. ಎರಡು ವರ್ಷಗಳಲ್ಲಿ ಅವು ಸವೆಯಲಿಲ್ಲ. ಅಷ್ಟರಲ್ಲಿ ಹುಡುಗಿಯೇ ಬೆಳೆದಳು.

“ಕೈ ಚಾಚವ್ವಾ, ನೋಡೂಣು” ಎಂದರು ಗುರುಗಳು ಒಂದು ದಿನ. ಪಿಟೀಲನ್ನು ಅವಳ ಹೆಗಲಿಗಿಟ್ಟು, ಕತ್ತಿನ ಬುಡದಿಂದ ತೋಳಿನುದ್ದಕ್ಕೆ ತಮ್ಮ ಬೆರಳುಗಳನ್ನು ಜಾರಿಸಿದರು. ಪಿಟೀಲಿನ ಸುರುಳಿಯಂಥ ತಲೆ ಅಂಗೈಯ ನಡುವಿಗೆ ಬರಬೇಕಾಗಿತ್ತು. ಅದು ಮಣಿಕಟ್ಟಿನಲ್ಲಿಯೇ ನಿಂತಿತ್ತು. “ಇನ್ನ ಇದು ನಿನಗ ಸಣ್ಣದಾತು, ತಂಗೀ. ಪೂರಾ ಅಳತೀದು ಬೇಕು.”

ಪಿಟೀಲಿನ ಅಳತೆಗಳ ಹೆಸರು ವಿಚಿತ್ರವಾದುದು. ಕಾಲು, ಅರ್ಧ, ಮುಕ್ಕಾಲು, ಪೂರ್ಣ ಎಂದು ಕರೆಯುತ್ತಾರೆ. ಆದರೆ ಅರ್ಧ ಪಿಟೀಲು ಪೂರ್ಣದ ಅರ್ಧವಲ್ಲ. ಪೂರ್ಣ ಪಿಟೀಲಿನ ಒಡಲು, ಕತ್ತನ್ನು ಬಿಟ್ಟು, ಸುಮಾರು 35.5 ಸೆಂಟಿಮೀಟರ್, ಮುಕ್ಕಾಲಿನದು ಸುಮಾರು 33.5, ಅರ್ಧದ್ದು 31ರ ಸುಮಾರು. ಗಣಿತದ ಉಪಾಧ್ಯಾಯರು ಇದನ್ನು ಒಪ್ಪಲಾರರು. ಆದರೂ ಲೋಕ ಈ ಲೆಕ್ಕವನ್ನೇ ಒಪ್ಪಿಕೊಂಡಿದೆ. ಕತ್ತಿನಿಂದ ಅಂಗೈಯ ನಡುವಿನವರೆಗೆ ತೋಳು ಸುಮಾರು 58 ಸೆಂಟಿಮೀಟರ್ ಬೆಳೆದ ಮಗುವಿಗೆ ಪೂರ್ಣ ಅಳತೆಯದು ಒಪ್ಪುತ್ತದೆ. ಅದಕ್ಕೆ ಮುಂಚೆ ಕೊಟ್ಟರೆ ಮಣಿಕಟ್ಟು ಸೊಟ್ಟಗಾಗಿ, ಕಿರುಬೆರಳು ಸ್ವರಕ್ಕೆ ಎಟುಕದೆ, ತಪ್ಪು ಅಭ್ಯಾಸ ಬೇರೂರುತ್ತದೆ. ಚಕ್ಕಳಮಕ್ಕಳ ಕುಳಿತು, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿ ನುಡಿಸುವ ಈ ದೇಶದ ಪದ್ಧತಿಯಲ್ಲಿ ತೋಳಿಗೆ ಭಾರ ಕಡಿಮೆ. ಅದರಿಂದ ಕೆಲವು ಗುರುಗಳು ಸ್ವಲ್ಪ ಮುಂಚಿತವಾಗಿಯೇ ದೊಡ್ಡದನ್ನು ಕೊಡುವುದುಂಟು. ಈ ಗುರುಗಳು ಕಾದಿದ್ದರು.

ಪೂರ್ಣ ಅಳತೆಯ ಆಚೆಗೆ ಇನ್ನೊಂದು ಅಳತೆಯಿಲ್ಲ. ಹನ್ನೆರಡು ವರ್ಷದ ಹುಡುಗಿಯೂ ಆರಡಿ ಎತ್ತರದ ವಿದ್ವಾಂಸರೂ ನುಡಿಸುವುದು ಅದನ್ನೇ. ಮೈಸೂರಿನ ಟಿ. ಚೌಡಯ್ಯನವರು (1895–1967) ಧ್ವನಿವರ್ಧಕವಿಲ್ಲದ ಕಾಲದ ದೊಡ್ಡ ಸಭೆಗಳಿಗೆ ನಾಲ್ಕು ತಂತಿಗಳ ನಾದ ಸಾಲದೆಂದು ಕಂಡು, 1927ರಲ್ಲಿ ತಂತಿಗಳನ್ನು ಏಳಕ್ಕೇರಿಸಿದರು. ಅವರ ನೆನಪಿಗಾಗಿ ಬೆಂಗಳೂರಿನಲ್ಲಿ 1980ರಲ್ಲಿ ಎದ್ದ ಸಭಾಂಗಣದ ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ಪಿಟೀಲುಗಳಲ್ಲಿ ಪೂರ್ಣ ಅಳತೆಯನ್ನು ಮೀರಿದ್ದು ಬಹುಶಃ ಅದೊಂದೇ.

ತಂದೆಯ ಚಿಂತೆ ಹುಟ್ಟಿದ್ದು ಇಲ್ಲಿಯೇ. ಮುಕ್ಕಾಲು ಪಿಟೀಲನ್ನು ಕೊಂಡಾಗ ಮಗಳು ನಡುವೆ ಬಿಟ್ಟುಬಿಟ್ಟರೂ ನಷ್ಟವಿರಲಿಲ್ಲ. ಕೊಂಡ ಬೆಲೆಗೇ ಇನ್ನೊಬ್ಬರು ಒಯ್ಯುತ್ತಿದ್ದರು. ಪೂರ್ಣ ಅಳತೆಯದನ್ನು ಕೊಳ್ಳುವುದೆಂದರೆ, ಇವಳು ಬಹುಕಾಲ ನುಡಿಸುತ್ತಾಳೆ ಎಂದು ಮನೆಯವರು ಮಾತು ಕೊಟ್ಟ ಹಾಗೆ. ಆ ಮಾತನ್ನು ಉಳಿಸಿಕೊಳ್ಳಬೇಕಾದವಳು ಮಾತ್ರ ಬೇರೆ. ಆತನಲ್ಲಿದ್ದುದು 12,000 ರೂಪಾಯಿ. ಹಿತ್ತಿಲ ಕಡೆಯ ಮಾಡಿಗೆ ಮಳೆಗಾಲಕ್ಕೆ ಮುಂಚೆ ಹೊಸ ತಗಡು ಹೊದಿಸಬೇಕೆಂದು ಕೂಡಿಟ್ಟ ಹಣ ಅದು. ಮಾಡು ಇನ್ನೊಂದು ವರ್ಷ ಕಾಯಬಹುದು, ತೋಳು ಕಾಯುವುದಿಲ್ಲ.

ಮೊಬೈಲಿನಲ್ಲಿ ಹುಡುಕಿದಾಗ ಪಿಟೀಲು, ಕಮಾನು, ರಾಳ, ಚೀಲ ಎಲ್ಲವೂ ಸೇರಿ ಬಹಳ ಅಗ್ಗಕ್ಕೆ ಮನೆ ಬಾಗಿಲಿಗೇ ಬರುವ ಜಾಹೀರಾತುಗಳು ಕಂಡವು. ಗುರುಗಳು ಅದನ್ನು ಕೇಳಿ, “ದನಿ ಕೇಳದ ಪಿಟೀಲು ಹೆಂಗ ತಗೋತೀರಿ?” ಎಂದಷ್ಟೇ ಹೇಳಿದರು.

ಮನೆಯಲ್ಲಿ ಅಜ್ಜಿಯ ಚಿಂತೆ ಬೇರೆಯಾಗಿತ್ತು. ಅವಳು ಪಿಟೀಲಿನ ಬಗೆಗೆ ಒಂದು ಮಾತನ್ನೂ ಕೇಳಲಿಲ್ಲ. ಪೆಟ್ಟಿಗೆ ಎಂಥದು ಎಂದು ಕೇಳಿದಳು. ಅಜ್ಜಿ ಸೂಪಾದವಳು. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನಿಂದಾಗಿ 1980ರ ದಶಕದಲ್ಲಿ ಆ ಊರು ನೀರಿನಡಿ ಸೇರಿತು; ತಾಲೂಕಿನ ಕಚೇರಿಗಳು ಜೊಯಿಡಾಕ್ಕೆ ಹೋದವು; ಜನರು ರಾಮನಗರಕ್ಕೆ, ದಾಂಡೇಲಿಗೆ, ಇನ್ನೆಲ್ಲಿಗೋ ಚದುರಿದರು. ಅವಳ ಗಂಡನು ಭಜನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದನು. ಆ ಸೀಮೆಯಲ್ಲಿ ಅದಕ್ಕೆ ಪೇಟಿ ಎಂದೇ ಹೆಸರು. ಆದರೆ ಆ ಪೇಟಿಗೊಂದು ಪೆಟ್ಟಿಗೆಯಿರಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ಲಾರಿಯ ಮೇಲೇರಿಸಿದರು. ದಾರಿಯಲ್ಲಿ ಮಳೆ ಹಿಡಿಯಿತು. ತಿದಿ ನೆನೆದು ಬಿರಿಯಿತು. ಹೊಸ ಊರಿನಲ್ಲಿ ಅದನ್ನು ದುರಸ್ತಿ ಮಾಡಿಸುವುದಕ್ಕೆ ಯಾರಿಗೂ ಬಿಡುವಿರಲಿಲ್ಲ. ಅಜ್ಜ ಮತ್ತೆ ನುಡಿಸಲಿಲ್ಲ. ಸಾಮಾನಿಗಿಂತ ಪೆಟ್ಟಿಗೆ ಗಟ್ಟಿಯಿರಬೇಕು ಎಂದು ಅಜ್ಜಿ ಕೊಂಕಣಿಯಲ್ಲಿ ಹೇಳಿದಳು. ಎರಡು ಸಲ ಹೇಳಿದಳು.

ಆ ಮಾತಿನಲ್ಲಿ ಹುರುಳಿತ್ತು. ಪಿಟೀಲಿನ ಮೇಲ್ಹಲಗೆ ಸ್ಪ್ರೂಸ್ ಎಂಬ ಹಗುರವಾದ ಮರದ್ದು. ಬೆನ್ನು, ಪಕ್ಕಗಳು ಮೇಪಲ್ ಮರದವು. ಇವನ್ನೆಲ್ಲ ಹಿಡಿದಿರುವುದು ಮೊಳೆಯಲ್ಲ, ಪ್ರಾಣಿಗಳ ತೊಗಲಿನಿಂದ ಕಾಯಿಸಿ ತೆಗೆದ ಸರೇಸು. ಮರ ಹಿಗ್ಗಿ ಎಳೆದಾಗ ಹಲಗೆ ಸೀಳುವ ಬದಲು ಅಂಟು ಬಿಡಲಿ, ಮತ್ತೆ ಕೂಡಿಸಬಹುದು ಎಂದು ಒಳ್ಳೆಯ ಕೆಲಸಗಾರರು ಬೇಕೆಂದೇ ಅದನ್ನು ಬಳಸುತ್ತಾರೆ. ಬಿಸಿಲು, ಥಂಡಿ ಎರಡೂ ಅದಕ್ಕೆ ಆಗದು. ಜೊಯಿಡಾದ ಕಡೆಯ ಮಳೆ ತಿಂಗಳುಗಟ್ಟಲೆ ಗೋಡೆಯನ್ನು ಹಸಿಯಾಗಿಡುತ್ತದೆ. ಹಳಿಯಾಳ, ಮುಂಡಗೋಡಗಳ ಬತ್ತದ ಬಯಲಿಗೆ ಬಂದರೆ ಮಳೆ ಹಗುರ. ಧಾರವಾಡದಲ್ಲಿ ಇನ್ನೂ ಕಡಿಮೆ. ಒಂದೇ ಭಾನುವಾರದಲ್ಲಿ ಪಿಟೀಲು ಇಷ್ಟು ಹವೆಗಳನ್ನು ದಾಟಬೇಕು. ಥಂಡಿಯಲ್ಲಿ ಬಿರಡೆ ಕಚ್ಚಿಕೊಳ್ಳುತ್ತದೆ, ಒಣಹವೆಯಲ್ಲಿ ಜಾರುತ್ತದೆ. ಹಿಂದಿನ ಮಳೆಗಾಲದಲ್ಲಿ ಬಟ್ಟೆಯ ಚೀಲದಲ್ಲಿದ್ದ ಮುಕ್ಕಾಲು ಪಿಟೀಲಿನ ಅಂಚು ಒಂದು ಗೇಣು ಬಾಯಿಬಿಟ್ಟಿತ್ತು.

ಜೂನ್ ತಿಂಗಳ ಎರಡನೆಯ ಭಾನುವಾರ ಮೂವರೂ ಪೇಟೆಯ ಅಂಗಡಿಗೆ ಹೋದರು. ಗೋಡೆಗೆ ಪಿಟೀಲುಗಳು ಸಾಲಾಗಿ ತೂಗುತ್ತಿದ್ದವು: ಕೊಲ್ಕತ್ತದವು, ಚೀನಾದವು, ಉತ್ತರ ಪ್ರದೇಶದ ರಾಮಪುರದವು. ಚಾಕುವಿಗೆ ಹೆಸರಾದ ರಾಮಪುರವು ಪಿಟೀಲಿಗೂ ಹೆಸರಾಗಿದೆ ಎಂಬುದು ಕೇಳಲು ಸೋಜಿಗ. ಅಂಗಡಿಯವನು ಮೆರುಗೆಣ್ಣೆಯ ಹೊಳಪನ್ನು ವರ್ಣಿಸತೊಡಗಿದನು. ಗುರುಗಳಿಗೆ ಆ ಹೊಳಪಿನಿಂದ ಪ್ರಯೋಜನವಿರಲಿಲ್ಲ. ಅಂಚಿನ ಸುತ್ತ ಬೆರಳಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಅಂಟು ಬಿಟ್ಟೆಡೆಯ ಒಡಕು ದನಿಗಾಗಿ ಕಿವಿಗೊಟ್ಟರು. ತಂತಿಗಳು ಹಲಗೆಯಿಂದ ಎಷ್ಟು ಎತ್ತರದಲ್ಲಿವೆ ಎಂದು ಕಿರುಬೆರಳಿನಿಂದ ಅಳೆದರು. ಕುದುರೆಯ ಪಾದಗಳು ನೆಲವೂರಿವೆಯೇ ಎಂದು ಉಗುರಿನಿಂದ ನೋಡಿದರು. ಹಲಗೆಗಳ ನಡುವೆ ಒಳಗೆ ನಿಂತಿರುವ ಚಿಕ್ಕ ಕಡ್ಡಿಯೊಂದುಂಟು. ಅದು ತುಸು ಸರಿದರೂ ನಾದ ಕೆಡುತ್ತದೆ. ಫ್ರೆಂಚರು ಅದಕ್ಕೆ ಆತ್ಮ ಎಂದೇ ಹೆಸರಿಟ್ಟಿದ್ದಾರೆ. ತಂಬೂರಿಯ ಜೀವಾಳದ ನೂಲನ್ನು ಬಲ್ಲವರಿಗೆ ಈ ಹೆಸರು ಹೊಸದೆನಿಸದು. ಅಷ್ಟು ಹೊತ್ತೂ ಹುಡುಗಿ ಒಂದು ಬಿರಡೆಯನ್ನೇ ನೋಡುತ್ತಿದ್ದಳು. ಅದು ಬೀಟೆಯದು, ಅವಳ ಮನೆಯ ಸುತ್ತಲಿನ ಕಾಡಿನಲ್ಲಿ ಬೆಳೆಯುವ ಮರ.

ಗುರುಗಳು ಎರಡು ಪಿಟೀಲುಗಳನ್ನು ಆರಿಸಿ ಅವಳಿಗೆ ಕೊಟ್ಟರು. ಮೊದಲನೆಯದರ ಮಂದ್ರದ ತಂತಿ ಬಾವಿಯೊಳಗಿನಿಂದ ಬಂದಂತೆ ನುಡಿಯಿತು. ಹುಡುಗಿ ಕಮಾನನ್ನು ತೆಗೆಯಲಿಲ್ಲ, ಇನ್ನೊಮ್ಮೆ ಎಳೆದಳು. ಎರಡನೆಯದರ ದನಿ ಗಡಸು. ಮೊದಲನೆಯದಕ್ಕೆ 9,500 ರೂಪಾಯಿ, ಎರಡನೆಯದಕ್ಕೆ 7,500. ಯಾವುದನ್ನು ಕೊಂಡರೂ ತೆಳುವಾದ ಚೀಲವೊಂದು ಉಚಿತ. ಒಳಗೆ ಮಖಮಲ್ಲು, ಮುಚ್ಚಳದಲ್ಲಿ ಕಮಾನಿಗೆ ಕೊಂಡಿ, ಅಂಚಿಗೆಲ್ಲ ರಬ್ಬರಿನ ಪಟ್ಟಿಯಿರುವ ಗಟ್ಟಿ ಪೆಟ್ಟಿಗೆಗೆ 3,800.

“ಮೊದಲನೇದು” ಎಂದರು ಗುರುಗಳು. ತಂದೆ ಮನಸ್ಸಿನಲ್ಲಿ ಕೂಡಿದನು, ಕಳೆದನು. ಮೊದಲನೆಯದನ್ನು ಚೀಲದಲ್ಲಿ ಒಯ್ದು, ಪೆಟ್ಟಿಗೆಯನ್ನು ಮುಂದಿನ ವರ್ಷ ಕೊಳ್ಳಬಹುದು. ಆದರೆ ಆ ಮುಂದಿನ ವರ್ಷಕ್ಕೆ ಮುಂಚೆ ಒಂದು ಮಳೆಗಾಲವಿತ್ತು, ತಗಡು ಹೊದಿಸದ ಮಾಡಿತ್ತು. ಆತನು ಏನೂ ಹೇಳುವ ಮೊದಲೇ ಹುಡುಗಿ ಮೊದಲನೆಯ ಪಿಟೀಲನ್ನು ಎರಡೂ ಕೈಗಳಿಂದ ಎತ್ತಿ ಅಂಗಡಿಯವನಿಗೆ ಹಿಂದಕ್ಕೆ ಕೊಟ್ಟಳು. “ಅಜ್ಜಿ ಪೆಟ್ಟಿಗೆ ಕೇಳ್ತಾಳೆ” ಎಂದಳು.

ವಾದ್ಯಕ್ಕಿಂತ ಪೆಟ್ಟಿಗೆಗೆ ಮನ್ನಣೆ ಕೊಟ್ಟದ್ದನ್ನು ಸಂಗೀತ ಬಲ್ಲವರು ಒಪ್ಪಲಾರರು. ಅವರ ಮನೆಯ ಮಾಡು ಸೋರುವುದಿಲ್ಲ. ಗುರುಗಳು ಕೆಲಹೊತ್ತು ಸುಮ್ಮನಿದ್ದರು. ಬಳಿಕ, “ಉಳಿದ ರೊಕ್ಕದಾಗ ಛಲೋ ತಂತಿ ಹಾಕಸೂಣು. ಕುದುರಿ ತುಸು ಕೆತ್ತಸೂಣು. ದನಿ ಇಳೀತದ” ಎಂದರು. ಅದು ಸಮಾಧಾನದ ಮಾತಷ್ಟೇ ಅಲ್ಲ. ತಂತಿ ಬದಲಿಸಿ ಕುದುರೆಯನ್ನು ಸರಿಯಾಗಿ ಕೆತ್ತಿಸಿದರೆ ಎಷ್ಟೋ ಗಡಸು ಪಿಟೀಲುಗಳು ಮೆದುವಾಗುತ್ತವೆ. ಮುಕ್ಕಾಲು ಪಿಟೀಲು ಮುಂಡಗೋಡದಿಂದ ಬರುತ್ತಿದ್ದ ಒಬ್ಬ ಹುಡುಗನಿಗೆ ಹೋಯಿತು. 2,000 ರೂಪಾಯಿ, ಎರಡು ಕಂತು. ಆತನು ಅಲ್ಲಿಯೇ ಹಲಗೆಯ ಮೇಲಿನ ಪಟ್ಟಿಗಳನ್ನು ಬೆರಳಿನಿಂದ ಎಣಿಸಿ ನೋಡಿದನು. ಹುಡುಗಿ ಅತ್ತ ತಿರುಗಲಿಲ್ಲ.

ಹಳಿಯಾಳದಲ್ಲಿ ಬಸ್ಸು ಹತ್ತಿದ ಸಿದ್ದಿ ಸಮುದಾಯದ ಹಿರಿಯರೊಬ್ಬರು ಪೆಟ್ಟಿಗೆಯಲ್ಲಿ ಏನಿದೆಯೆಂದು ವಿಚಾರಿಸಿದರು. ವಾದ್ಯವೆಂದು ತಿಳಿದಾಗ ಅವರಿಗೆ ಸಂತೋಷವಾಯಿತು. ತಮ್ಮ ದಮಾಮಿ ಮಳೆಗಾಲದಲ್ಲಿ ಸಡಿಲಾದರೆ ಬೆಂಕಿಯ ಕಾವಿಗೆ ಹಿಡಿಯುತ್ತೇವೆ, ತೊಗಲು ಬಿಗಿಯುತ್ತದೆ ಎಂದರು. ಇದಕ್ಕೂ ಹಾಗೆ ಮಾಡುವಿರಾ ಎಂದು ಕೇಳಿದರು. ಇದಕ್ಕೆ ಬೆಂಕಿ ಆಗುವುದಿಲ್ಲ ಎಂದಳು ಹುಡುಗಿ. “ಹಾಗಾದರೆ ಕಷ್ಟದ ವಾದ್ಯ” ಎಂದು ಅವರು ಮರುಗಿದರು. ದಾಂಡೇಲಿ ಸಮೀಪಿಸಿದಾಗ ಮಳೆ ಕಿಟಕಿಗೆ ಅಪ್ಪಳಿಸುತ್ತಿತ್ತು.

ಅಜ್ಜಿ ಪೆಟ್ಟಿಗೆಯನ್ನು ನೆಲದ ಮೇಲಿರಿಸಿ ಕೊಂಡಿಗಳನ್ನು ಹಾಕಿ ತೆಗೆದಳು. ಒಳಗಿನ ಪಿಟೀಲನ್ನು ತೆಗೆಸಿ ಪಕ್ಕಕ್ಕಿಡಿಸಿದಳು. ಮುಚ್ಚಳವನ್ನು ಮುಚ್ಚಿ, ತಂಬಿಗೆಯಿಂದ ಅದರ ಮೇಲೆ ನೀರು ಸುರಿದಳು. ತಂದೆ ಹೌಹಾರಿ ಎದ್ದನು. ಅಜ್ಜಿ ಮುಚ್ಚಳವನ್ನು ಒರೆಸಿ, ತೆರೆದು, ಮಖಮಲ್ಲಿನ ಮೂಲೆ ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಿದಳು. ಒಣಗಿತ್ತು. ಏನೂ ಹೇಳದೆ ಒಲೆಯ ಕಡೆಗೆ ಹೋದಳು.

ಹುಡುಗಿ ಕಮಾನಿಗೆ ರಾಳ ಸವರಿ ಕುಳಿತಳು. ಹೊಸ ಹಲಗೆ ಕಪ್ಪಗೆ, ನುಣ್ಣಗೆ ಇತ್ತು. ಅದರ ಮೇಲೆ ಯಾವ ಗುರುತೂ ಇರಲಿಲ್ಲ. ಷಡ್ಜ ನುಡಿಯಿತು. ಬೆರಳು ಎರಡು ವರ್ಷಗಳಿಂದ ಬಲ್ಲ ಜಾಗಕ್ಕೆ ತಾನಾಗಿ ಹೋಗಿ ಗಾಂಧಾರವನ್ನು ಒತ್ತಿತು. ಗಾಂಧಾರ ಇಳಿದು ಕೇಳಿಸಿತು. ದೊಡ್ಡ ಪಿಟೀಲಿನಲ್ಲಿ ಸ್ವರಗಳು ಒಂದಕ್ಕೊಂದು ತುಸು ದೂರ. ಅವಳು ಬೆರಳನ್ನು ಕುದುರೆಯ ಕಡೆಗೆ ನೂಲಿನಷ್ಟು ಸರಿಸಿ ಕಣ್ಣು ಮುಚ್ಚಿಕೊಂಡಳು. ಹಿತ್ತಿಲ ಕಡೆ ಸೋರುವ ಮಾಡಿನ ಕೆಳಗೆ ಇಟ್ಟ ಪಾತ್ರೆಯಲ್ಲಿ ಹನಿ ಬೀಳತೊಡಗಿತ್ತು. ಅವಳು ಮತ್ತೆ ಕಮಾನನ್ನು ಎಳೆದಳು.