ಹೆರಾಲ್ಡಿನ ಬೆಲೆ

ಹಳೆಯ ಕಾರಿಗೆ ಎಷ್ಟು ಕೊಡಬೇಕು ಎಂಬ ಪ್ರಶ್ನೆ ನಮ್ಮಂಥ ಮೇಷ್ಟರ ಬದುಕಿನಲ್ಲಿ ಬರಬಾರದು. ಬಂದರೂ ಹತ್ತು ವರ್ಷ ಓಡಿದ ಮಾರುತಿಯ ಬಗ್ಗೆ ಬರಬೇಕು. ಅದಕ್ಕೊಂದು ಲೆಕ್ಕವಿದೆ. ಯಾವ ವರ್ಷದ ಮಾಡೆಲ್, ಎಷ್ಟು ಕಿಲೋಮೀಟರ್, ಎಷ್ಟನೇ ಓನರ್ ಎಂದು ಕೇಳಿದರೆ ಮುಗಿಯಿತು, ಸಂತೆಯಲ್ಲಿ ಬದನೆಕಾಯಿ ಕೊಂಡಷ್ಟೇ ಸಲೀಸು. ನಮ್ಮ ಪಾಲಿಗೆ ಬಂದದ್ದು 1964ರ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್. ಎರಡು ಬಾಗಿಲಿನದು. ತಲೆಯ ಮೇಲೆ ಮಾಡು ಇಲ್ಲದ್ದು.

ನಾವು ಹುಡುಗರಾಗಿದ್ದಾಗ ನಮ್ಮೂರಿನ ಡಾಕ್ಟರರ ಬಳಿ ಇಂಥದೇ ಕಾರಿತ್ತು. ಉರ್ದು ಶಾಲೆಯ ಗೇಟಿನೆದುರಿಗೇ ಅವರ ಶಾಪು. ಕಾರು ಕೆಟ್ಟು ನಿಂತ ದಿನ ನಮಗೆ ಹಬ್ಬ. ಬೇರೆ ಕಾರುಗಳ ಬಾನೆಟ್ಟು ಮೊಸಳೆಯ ಬಾಯಿಯಂತೆ ತೆರೆದುಕೊಂಡರೆ, ಹೆರಾಲ್ಡಿನದು ಎರಡು ಕಡೆಯ ಮಡ್‌ಗಾರ್ಡುಗಳನ್ನೂ ದೀಪಗಳನ್ನೂ ಹೊತ್ತುಕೊಂಡು ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಎಂಜಿನ್ನು, ಮುಂದಿನ ಚಕ್ರಗಳು, ಅವುಗಳ ಕೈಕಾಲುಗಳೆಲ್ಲ ಬಟಾಬಯಲು. ಮನುಷ್ಯರು ತಯಾರಿಸಿದ ವಸ್ತುವೊಂದರ ಒಳಗನ್ನು ನಾವು ಮೊದಲು ನೋಡಿದ್ದು ಅಲ್ಲಿಯೇ. ಬೆಲ್ಲು ಹೊಡೆದರೂ ಅಲ್ಲೇ ನಿಂತು ಮೌಲವಿ ಮೇಷ್ಟರಿಂದ ಕೈ ಮೇಲೆ ಬೆತ್ತದ ಗೆರೆ ಬರೆಸಿಕೊಂಡದ್ದುಂಟು.

ಆ ಹಳೆಯ ಹುಚ್ಚಿಗೆ ಕಾರಣ ಕೊಟ್ಟವರು ಪೆನ್ಷನ್ ಮೊಹಲ್ಲಾದಲ್ಲಿ ಗ್ಯಾರೇಜು ಇಟ್ಟಿರುವ ನಮ್ಮ ಉಸ್ತಾದರು. 2023ರ ಮಳೆಗಾಲ ಮುಗಿಯುತ್ತಿದ್ದಾಗ, "ಮಾಸ್ಟರ್ ಸಾಬ್, ಸಕಲೇಶಪುರದಾಚೆ ಒಂದು ತೋಟದ ಮನೆಯಲ್ಲಿ ಹೆರಾಲ್ಡ್ ಇದೆ. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಗುಜರಿಯವನಿಗೆ ಹೋಗುವ ಮುಂಚೆ ಒಮ್ಮೆ ನೋಡಿ ಬರೋಣ" ಎಂದರು. ಸಂಬಳದ ಬಾಕಿ ಎಂದು ನಮಗೆ ಆಗತಾನೆ ಒಂದು ಲಕ್ಷ ಚಿಲ್ಲರೆ ಬಂದಿತ್ತು. ಅದು ಅವರಿಗೆ ಹೇಗೆ ತಿಳಿಯಿತೋ!

ತೋಟದ ಅಮ್ಮನವರಿಗೆ ಎಪ್ಪತ್ತೈದರ ಮೇಲೆ. ಮೊದಲು ಕಾಫಿ, ಆಮೇಲೆ ಕಾರು ಎಂದರು. ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಗೋಣಿತಾಟು ಹೊದ್ದುಕೊಂಡು ಅದು ನಿಂತಿತ್ತು. ಅವರ ಯಜಮಾನರು ಎಂಬತ್ತರ ದಶಕದಲ್ಲಿ ಅದರ ಮಾಡು ತೆಗೆಸಿ, ಕೆಂಪು ಬಣ್ಣ ಹೊಡೆಸಿ, 'ಸ್ಪೋರ್ಟ್ಸ್ ಕಾರು' ಮಾಡಿಕೊಂಡಿದ್ದರಂತೆ.

"ಗುಜರಿಯವ ಮೂವತ್ತೈದು ಸಾವಿರ ಅಂದ. ಮಗ ಬೆಂಗಳೂರಿಂದ ಫೋನಲ್ಲಿ ಮೂರು ಲಕ್ಷಕ್ಕೆ ಒಂದು ಪೈಸೆ ಕಮ್ಮಿ ಬೇಡ ಅಂತಾನೆ. ನಂಗೇನ್ ಗೊತ್ತಾಗ್ತದೆ ಮೇಷ್ಟ್ರೇ? ನೀವೇ ನೋಡಿ ಒಂದು ಮಾತು ಹೇಳಿ" ಎಂದರು ಅಮ್ಮ.

ಮೂವತ್ತೈದು ಸಾವಿರಕ್ಕೂ ಮೂರು ಲಕ್ಷಕ್ಕೂ ನಡುವೆ ಇರುವುದು ಬೆಲೆಯಲ್ಲ, ಬಯಲು. ಆ ಬಯಲಿನಲ್ಲಿ ಎಲ್ಲಿ ಗೂಟ ಹೊಡೆಯುವುದು? ಉಸ್ತಾದರು ಪ್ಯಾಂಟು ಮಡಚಿ ಕಾರಿನ ಕೆಳಗೆ ತೆವಳಿದರು.

ಅವರ ಪರೀಕ್ಷೆಯ ಕ್ರಮವನ್ನು ಹೇಳಲೇಬೇಕು. ಬಣ್ಣವನ್ನು ಅವರು ನೋಡಲೇ ಇಲ್ಲ. ಹೆರಾಲ್ಡಿಗೆ ಬೇರೆಯೇ ಚಾಸಿ ಇದೆ, ಬಾಡಿಯ ತುಂಡುಗಳನ್ನು ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ್ದು. ಬಾಗಿಲು ಕೊಳೆತರೆ ಇನ್ನೊಂದು ಬಾಗಿಲು ಹುಡುಕಬಹುದು, ಚಾಸಿ ಕೊಳೆತರೆ ಕಾರೇ ಇಲ್ಲ. ಹಳೆಯ ಸ್ಕ್ರೂಡ್ರೈವರ್ ಹಿಡಿದು ಚಾಸಿಯ ಉದ್ದಕ್ಕೂ ಚುಚ್ಚುತ್ತಾ ಹೋದರು. ಟಣ್ ಎಂದರೆ ಕಬ್ಬಿಣ, ಪುಸ್ ಎಂದರೆ ಮಲೆನಾಡಿನ ಮಳೆ. ನಡುವಿನ ಎರಡು ದೊಡ್ಡ ತೊಲೆಗಳು ಟಣ್ ಎಂದವು. ಪಕ್ಕಕ್ಕೆ ಚಾಚಿದ ಕೈಗಳಲ್ಲಿ ಮೂರು ಪುಸ್ ಎಂದವು. ಆಮೇಲೆ ಎಂಜಿನ್ನಿನ ಮುಂದಿನ ಪುಲ್ಲಿಗೆ ಸ್ಕ್ರೂಡ್ರೈವರ್ ಕೊಟ್ಟು ಹಿಂದೆ ಮುಂದೆ ಮೀಟಿದರು. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟು ಅತ್ತಿತ್ತ ಸರಿಯದಂತೆ ತಡೆಯುವ ಅರ್ಧಚಂದ್ರದ ಸಣ್ಣ ವಾಷರುಗಳಿರುತ್ತವೆ. ಸವೆದು ಅವು ಕಳಚಿ ಕೆಳಗೆ ಬಿದ್ದರೆ ಶಾಫ್ಟು ಬ್ಲಾಕನ್ನೇ ತಿನ್ನತೊಡಗುತ್ತದೆ. ಪುಲ್ಲಿ ಅಲುಗಾಡಿತು, ಆದರೆ ಕೂದಲೆಳೆಯಷ್ಟು. "ವಾಷರ್ ಇದೆ, ಹೋಗುವುದರಲ್ಲಿದೆ" ಎಂದರು. ಮುಂದಿನ ಚಕ್ರಗಳನ್ನು ಎತ್ತಿ ಅಲ್ಲಾಡಿಸಿದರು. ಚಕ್ರ ತಿರುಗುವ ಬುಡದಲ್ಲಿ ಟ್ರನಿಯನ್ ಎಂಬ ಹಿತ್ತಾಳೆಯಂಥ ತುಂಡಿದೆ. ಅದಕ್ಕೆ ಗೇರ್ ಆಯಿಲ್ ಹಾಕಬೇಕು, ನಮ್ಮ ಗ್ಯಾರೇಜುಗಳಲ್ಲಿ ಗ್ರೀಸ್ ತುಂಬುತ್ತಾರೆ. ಒಳಗೆ ನೀರು ನಿಂತು ತುಕ್ಕು ಹಿಡಿದು ಒಂದು ದಿನ ಚಕ್ರ ಮಡಚಿಕೊಳ್ಳುತ್ತದೆ. ಇಲ್ಲಿಯೂ ಗ್ರೀಸೇ ಇತ್ತು.

ಕಂಡ ದೋಷವನ್ನೆಲ್ಲ ನಾವು ಅಮ್ಮನಿಗೆ ತೋರಿಸಿದೆವು. ಕೊಳೆತ ಜಾಗಕ್ಕೆ ಟಾರ್ಚು ಬಿಟ್ಟೆವು. ಫೋನಿನಲ್ಲಿ ಮಗನಿಗೂ ವಿವರಿಸಿದೆವು. ಆತ, "ಸಾರ್, ಅದು ಸ್ಪೋರ್ಟ್ಸ್ ಕಾರು, ಓಪನ್ ಟಾಪು, ಕ್ಲಾಸಿಕ್ಕು" ಎಂದ.

ಈ 'ಸ್ಪೋರ್ಟ್ಸ್' ಎಂಬ ಪದಕ್ಕೇ ಒಂದು ಬೆಲೆಯಿದೆ. ಹೆರಾಲ್ಡ್ ಮೂಲತಃ ಇಂಗ್ಲೆಂಡಿನ ಕೊವೆಂಟ್ರಿಯ ಟ್ರಯಂಫ್ ಕಾರು, 1959ರಲ್ಲಿ ಬಂದದ್ದು. ಅದಕ್ಕೆ ರೂಪ ಕೊಟ್ಟವರು ಇಟಲಿಯ ಮಿಕೆಲೊಟ್ಟಿ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಅದನ್ನು ಇಲ್ಲಿ ಜೋಡಿಸಿತು. ಎಂಜಿನ್ನು 948 ಸಿ.ಸಿ., ಈಗಿನ ಸಣ್ಣ ಕಾರುಗಳಷ್ಟೇ. ಇದೇ ಚಾಸಿಯನ್ನು ಮೊಟಕು ಮಾಡಿ, ಮಿಕೆಲೊಟ್ಟಿಯಿಂದಲೇ ಎರಡು ಸೀಟಿನ ಬಾಡಿ ಬರೆಸಿ, ಟ್ರಯಂಫ್‌ನವರು 1962ರಲ್ಲಿ ಸ್ಪಿಟ್‌ಫೈರ್ ಎಂಬ ನಿಜವಾದ ಸ್ಪೋರ್ಟ್ಸ್ ಕಾರು ಮಾಡಿದರು. 1980ರವರೆಗೂ ಅದು ತಯಾರಾಯಿತು. ಅಂದರೆ ಅಮ್ಮನ ಶೆಡ್ಡಿನಲ್ಲಿದ್ದದ್ದು ಸ್ಪೋರ್ಟ್ಸ್ ಕಾರಿನ ಅಕ್ಕ. ತಂಗಿ ಓಡುತ್ತಾಳೆಂದು ಅಕ್ಕನ ಸೆರಗು ಸಿಕ್ಕಿಸಿದರೆ ಅಕ್ಕ ಓಡುವುದಿಲ್ಲ. ಹಿಂದಿನ ಚಕ್ರಗಳಿಗೆ ಇದ್ದ ತೂಗು ಆಕ್ಸಲ್ ಅಕ್ಕನಿಗೂ ತಂಗಿಗೂ ಒಂದೇ. ತಿರುವಿನಲ್ಲಿ ಜೋರಾಗಿ ಹೋಗುತ್ತಾ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಹೊರಗಡೆಯ ಚಕ್ರ ಹೊಟ್ಟೆಯಡಿ ಮಡಚಿಕೊಳ್ಳುತ್ತದೆ. ಘಾಟಿಯಲ್ಲಿ ಇದನ್ನು ಸ್ಪೋರ್ಟ್ಸ್ ಎಂದು ಓಡಿಸಿದವನಿಗೆ ದುವಾ ಮಾಡುವವರು ಬೇಕು.

ಬೆಲೆಯ ಲೆಕ್ಕಕ್ಕೆ ಉಸ್ತಾದರ ಸೂತ್ರ ಒಂದೇ. ಸಿದ್ಧವಾಗಿ ಓಡುವ ಕಾರು ಎಷ್ಟಕ್ಕೆ ಹೋಗುತ್ತದೆ? ಹೇಳುವ ಬೆಲೆಯಲ್ಲ, ಕೈಗೆ ಕೈ ಸೇರಿದ ಬೆಲೆ. ಅದರಲ್ಲಿ ರಿಪೇರಿಯ ಖರ್ಚು ಕಳೆಯಬೇಕು, ಗೊತ್ತಿಲ್ಲದ ಖರ್ಚಿಗೆಂದು ಇನ್ನಷ್ಟು ಕಳೆಯಬೇಕು. ಹಿಂದಿನ ವರ್ಷ ಅವರೇ ಕೂಡಿಸಿ ಕೊಟ್ಟ ಹೆರಾಲ್ಡ್ ಮೂರೂವರೆ ಲಕ್ಷಕ್ಕೆ ಹೋಗಿತ್ತು. ಇದಕ್ಕೆ ವೆಲ್ಡಿಂಗು, ಎಂಜಿನ್ನು, ಬ್ರೇಕು, ವೈರಿಂಗು, ಟೈರು, ಸೀಟು, ಬಣ್ಣ ಎಂದು ಎರಡು ಲಕ್ಷ ಎಲ್ಲೂ ಹೋಗಲಿಲ್ಲ. ಆದರೆ ಆ ಕಾರಿಗೆ ಮಾಡು ಇತ್ತು.

ಮಾಡಿಲ್ಲದ್ದು ಬರೀ ಮಳೆಗೆ ನೆನೆಯುವ ಪ್ರಶ್ನೆಯಲ್ಲ. ಆರ್.ಸಿ. ಪುಸ್ತಕದಲ್ಲಿ ಅದು ಸಲೂನು. ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸಲು ಮೋಟಾರು ವಾಹನ ಕಾಯಿದೆ ಬಿಡುವುದಿಲ್ಲ. ಅದರ ನೋಂದಣಿಯೂ ಎಂದೋ ಮುಗಿದಿತ್ತು. 2021ರಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ 'ವಿಂಟೇಜ್' ನೋಂದಣಿಯ ನಿಯಮ ತಂದಿತು. ದಿನನಿತ್ಯ ಓಡಿಸುವಂತಿಲ್ಲ ಎಂಬುದು ಬೇರೆ ಮಾತು, ಅದಕ್ಕೂ ವಾಹನ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನು ಮಾರ್ಪಾಡಾಗಿರಬಾರದು. ಮಾಡಿಲ್ಲದ ಹೆರಾಲ್ಡ್ ಕಾಗದದ ಲೋಕದಲ್ಲಿ ಕಾರೇ ಅಲ್ಲ, ಬಿಡಿಭಾಗಗಳ ಗಂಟು. ಹಾಗಾಗಿ ಎಪ್ಪತ್ತೈದು ಸಾವಿರ ಎಂದೆವು. ಮಗ ಗೊಣಗಿದ, ಅಮ್ಮ ಹೂಂ ಎಂದರು. ಐದು ಸಾವಿರ ಅಡ್ವಾನ್ಸು ಕೊಟ್ಟೆವು.

ಹೊರಟು ನಿಂತಾಗ ಉಸ್ತಾದರು ನಮ್ಮ ಪಕ್ಕೆಗೆ ಮೊಣಕೈ ತಿವಿದರು. ಬಚ್ಚಲುಮನೆಯ ಹಿಂದೆ ಕಟ್ಟಿಗೆಯ ರಾಶಿ. ರಾಶಿಯ ಮೇಲೆ ಮಳೆ ಬೀಳದಂತೆ ಕವುಚಿದ ಒಂದು ತಗಡು, ಪಾಚಿ ಹಿಡಿದು ಹಸಿರಾಗಿತ್ತು. ತಗಡಿಗೆ ದುಂಡನೆಯ ಅಂಚು. ಹಿಂಗಾಜಿನ ಅಗಲವಾದ ಕಿಂಡಿಯಲ್ಲಿ ಒಂದು ಕೋಳಿ ಕೂತು ನಮ್ಮನ್ನೇ ನೋಡುತ್ತಿತ್ತು. ಹೆರಾಲ್ಡಿನ ಮಾಡು! ಕತ್ತರಿಸಿದ್ದಲ್ಲ. ಈ ಕಾರಿನ ಮಾಡೂ ಬೋಲ್ಟುಗಳಿಂದ ಬಿಗಿದದ್ದು. ಬಿಚ್ಚಿದರೆ ಬರುತ್ತದೆ, ಇಟ್ಟರೆ ಕೂರುತ್ತದೆ.

"ಚುಪ್" ಎಂದರು ಉಸ್ತಾದರು, ತುಟಿ ಅಲುಗಿಸದೆ.

ನಾವು ಸುಮ್ಮನಾದೆವು. ಉರ್ದು ಪುಸ್ತಕಗಳ 'ಹಮ್' ನಾಲಗೆಗೆ ಅಂಟಿ, ಕನ್ನಡದಲ್ಲಿಯೂ ನಾವು 'ನಾವು' ಎಂದೇ ಬರೆಯುವವರು. ಈ ವಾಕ್ಯದಲ್ಲಿ ಮಾತ್ರ ಆ ಅಭ್ಯಾಸ ಬಹಳ ಅನುಕೂಲವಾಗಿದೆ, ಅರ್ಧ ತಪ್ಪು ಉಸ್ತಾದರ ಪಾಲಿಗೆ ಹೋದಂತೆ ಕೇಳಿಸುತ್ತದೆ. ಹಾಗಲ್ಲ. ಹಣ ಕೊಡುವವರು ಒಬ್ಬರೇ ಇದ್ದೆವು, ಸುಮ್ಮನಿದ್ದವರೂ ಅವರೇ.

ಬಸ್ಸಿನಲ್ಲಿ ಉಸ್ತಾದರು ಖುಷಿಯಾಗಿದ್ದರು. "ಕಟ್ಟಿಗೆಯ ತಗಡೂ ಹಾಕಿಬಿಡಿ ಅಮ್ಮಾ ಅಂದರೆ ಹಾಕಿಬಿಡ್ತಾರೆ" ಎಂದರು. ಮಾಡು ಸಿಕ್ಕರೆ ನಲವತ್ತು ಸಾವಿರ ಉಳಿದಂತೆ ಎಂಬುದು ಅವರದೇ ಲೆಕ್ಕ. ನಮಗೆ ಉರ್ದು ಶಾಲೆಯಲ್ಲಿ ಕೇಳಿದ ಕಥೆ ನೆನಪಾಯಿತು. ಇಮಾಮ್ ಅಬೂ ಹನೀಫಾ ಕೂಫಾದಲ್ಲಿ ರೇಷ್ಮೆ ಬಟ್ಟೆಯ ವ್ಯಾಪಾರಿ. ಒಬ್ಬ ಹೆಂಗಸು ರೇಷ್ಮೆ ವಸ್ತ್ರ ತಂದು ನೂರಕ್ಕೆ ಕೊಡುತ್ತೇನೆ ಎಂದಳಂತೆ. ಇದು ಹೆಚ್ಚು ಬಾಳುತ್ತದೆ ಎಂದರು ಇಮಾಮರು. ಆಕೆ ನೂರು ನೂರೇ ಏರಿಸುತ್ತಾ ನಾನೂರಕ್ಕೆ ಬಂದಾಗಲೂ ಇನ್ನೂ ಹೆಚ್ಚು ಎಂದರು. ನನ್ನನ್ನು ಗೇಲಿ ಮಾಡುತ್ತೀರಾ ಎಂದಳಂತೆ ಆಕೆ. ಬೆಲೆ ಬಲ್ಲವರನ್ನು ಕರೆಸಿ, ಕೊನೆಗೆ ಐನೂರಕ್ಕೆ ಕೊಂಡರೆಂದು ಕಥೆ.

ಉಸ್ತಾದರಿಗೆ ಹೇಳಿದೆವು. ಅವರು ಕಿಟಕಿಯಾಚೆ ನೋಡುತ್ತಾ, "ಇಮಾಮ್ ಸಾಹೇಬರ ಹತ್ತಿರ ದುಕಾನು ಇತ್ತು, ಮಾಸ್ಟರ್ ಸಾಬ್. ನಿಮ್ಮ ಹತ್ತಿರ ಇರೋದು ಅರಿಯರ್ಸು" ಎಂದರು.

ಅವರ ಮಾತು ಪೂರ್ತಿ ತಪ್ಪು ಎನ್ನಲಾರೆವು. ಹುಳುಕು ಮುಚ್ಚಿಡಬಾರದು ಎಂಬುದು ಮಾರುವವನಿಗೆ ಹೇಳಿದ್ದು. ಒಳ್ಳೆಯದನ್ನು ಕಂಡ ಕೊಳ್ಳುವವನು ಬಾಯಿ ಬಿಡಬೇಕೆ? ಹಾಗಾದರೆ ಕಣ್ಣಿದ್ದವನಿಗೆ ವ್ಯಾಪಾರದಲ್ಲಿ ಏನು ಲಾಭ? ಇಪ್ಪತ್ತು ವರ್ಷ ಗ್ರೀಸಿನಲ್ಲಿ ಕೈ ಅದ್ದಿ ಉಸ್ತಾದರು ಸಂಪಾದಿಸಿದ ವಿದ್ಯೆಗೆ ಒಂದು ಬೆಲೆ ಬೇಡವೆ? ಬೇಕು. ಬೆಂಗಳೂರಿನ ದಲ್ಲಾಳಿಯ ಮುಂದೆ ಆಗಿದ್ದರೆ ನಾವೂ ಮಾಡನ್ನು ನೋಡಿ ಮೀಸೆಯಲ್ಲೇ ನಕ್ಕು ಬರುತ್ತಿದ್ದೆವು, ಸಂಶಯವಿಲ್ಲ. ಇಲ್ಲಿ ಕಷ್ಟ ಬಂದದ್ದು ಅಮ್ಮನ ಒಂದು ಮಾತಿನಿಂದ. 'ನೀವೇ ನೋಡಿ ಹೇಳಿ' ಎಂದಿದ್ದರು. ಅಲ್ಲಿಂದಾಚೆ ನಾವು ಕೊಳ್ಳುವವರು ಮಾತ್ರ ಆಗಿರಲಿಲ್ಲ, ಅವರ ಕಡೆಯ ಕಣ್ಣೂ ಆಗಿದ್ದೆವು. ಆ ಕಣ್ಣು ಕೊಳೆತದ್ದನ್ನೆಲ್ಲ ಕಂಡು, ಕೊಳೆಯದೆ ಉಳಿದದ್ದರ ಮುಂದೆ ಮುಚ್ಚಿಕೊಂಡಿತ್ತು.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆವು. ಆಕೆ ಅಕ್ಕಿ ಆರಿಸುತ್ತಾ ಕೇಳಿದ್ದು ಒಂದೇ: "ಆ ಕಾರಿನಲ್ಲಿ ನಮ್ಮನ್ನು ಕೂರಿಸಿಕೊಂಡು ಅವರ ತೋಟಕ್ಕೇ ಒಂದಿನ ಹೋಗಬೇಕು ಅಂದ್ರೆ ಹೋಗ್ತೀರಾ?"

ಮುಂದಿನ ಭಾನುವಾರ ಒಬ್ಬರೇ ಹೋದೆವು. ಅಮ್ಮನನ್ನು ಬಚ್ಚಲಿನ ಹಿಂದೆ ಕರೆದುಕೊಂಡು ಹೋಗಿ ತೋರಿಸಿದೆವು. ಅವರು ಬಹಳ ಹೊತ್ತು ತಗಡನ್ನೇ ನೋಡಿದರು.

"ಅಯ್ಯೋ ಹೌದಲ್ಲ! ದಿನಾ ಕಟ್ಟಿಗೆ ತೆಗೀತೀನಿ, ಮರೆತೇಹೋಗಿತ್ತು. ಅವ್ರು ಇದನ್ನ ಬಿಚ್ಚಿಸಿದ ದಿನ ನಾನು ಮೂರು ದಿನ ಮಾತಾಡಿರ್ಲಿಲ್ಲ ಮೇಷ್ಟ್ರೇ. ತಲೆ ಮೇಲೆ ಸೂರಿಲ್ಲದ ಗಾಡೀಲಿ ಹೆಂಗಸ್ರು ಹೆಂಗ್ ಕೂರೋದು ಅಂತ."

ನಲವತ್ತು ಸಾವಿರ ಹೆಚ್ಚು ಕೊಡುತ್ತೇವೆ, ಒಟ್ಟು ಒಂದು ಲಕ್ಷ ಹದಿನೈದು ಎಂದೆವು. ಅಮ್ಮನಿಗೆ ಸಮಾಧಾನವಾಯಿತು. ಮಗನಿಗೆ ಆಗಲಿಲ್ಲ. ಮುಗಿದ ಮಾತಿಗೆ ಮತ್ತೆ ಬಂದು ಹೆಚ್ಚು ಕೊಡುತ್ತೇನೆ ಎನ್ನುವವನನ್ನು ಯಾರು ನಂಬುತ್ತಾರೆ? "ಒಳಗೆ ಇನ್ನೇನೋ ಇದೆ ಅಮ್ಮ, ಕೊಡ್ಬೇಡ" ಎಂದನಂತೆ. ಹತ್ತು ದಿನ ಫೋನು ಬರಲಿಲ್ಲ. ಆ ಹತ್ತು ದಿನ ಉಸ್ತಾದರು ನಮ್ಮೊಡನೆ ಚಹಾ ಕುಡಿಯಲಿಲ್ಲ. ಸತ್ಯ ಹೇಳಿದ್ದಕ್ಕೆ ಕಾರೂ ಹೋಯಿತಲ್ಲ ಎಂದು ನಮಗೂ ಒಳಗೊಳಗೇ ಸಿಟ್ಟು. ಅಮ್ಮನ ಮೇಲಲ್ಲ, ಮಗನ ಮೇಲೆ. ಆದರೆ ಆತನ ಜಾಗದಲ್ಲಿ ನಿಂತರೆ ನಾವೂ ಅದನ್ನೇ ಹೇಳುತ್ತಿದ್ದೆವೋ ಏನೋ.

ಆತ ಬೆಂಗಳೂರಿನಲ್ಲಿ ಹಳೆಯ ಕಾರುಗಳ ವ್ಯಾಪಾರಿಯೊಬ್ಬರಿಗೆ ಫೋಟೋ ತೋರಿಸಿದನಂತೆ. ಅವರು ಅರವತ್ತು ಸಾವಿರ ಅಂದರಂತೆ, ಮಾಡು ಸೇರಿಸಿ. ಹನ್ನೊಂದನೆಯ ದಿನ ಅಮ್ಮನೇ ಫೋನು ಮಾಡಿ, "ಬಂದು ತಗೊಂಡ್ ಹೋಗಿ. ಕೋಳಿಗಳನ್ನ ಓಡ್ಸಿಟ್ಟಿದೀನಿ" ಎಂದರು.

ಸಣ್ಣ ಲಾರಿ ಮಾಡಿಕೊಂಡು ಹೋದೆವು. ಉಸ್ತಾದರೂ ಬಂದರು, ಮುಖ ಮಾತ್ರ ಬಿಗಿದೇ ಇತ್ತು. ಕಾರನ್ನು ಹಗ್ಗ ಕಟ್ಟಿ ಎಳೆದು ಹತ್ತಿಸಿ, ಮಾಡನ್ನು ಎತ್ತಿದಾಗ ಒಣಗಿದ ಕಟ್ಟಿಗೆ ಬಯಲಿಗೆ ಬಿತ್ತು. ಮೋಡ ಕಟ್ಟುತ್ತಿತ್ತು.

"ಇನ್ನು ಇದಕ್ಕೇನ್ ಮಾಡೋದು?" ಎಂದರು ಅಮ್ಮ, ಕಟ್ಟಿಗೆ ನೋಡುತ್ತಾ.

ಉಸ್ತಾದರು ಏನೂ ಹೇಳದೆ ಲಾರಿಯ ಹುಡುಗನನ್ನು ಪೇಟೆಗೆ ಅಟ್ಟಿದರು. ತಗಡಿನ ಶೀಟು ಬಂದವು. ತಾವೇ ನಿಂತು ಕಟ್ಟಿಗೆಯ ಮೇಲೆ ಹೊದಿಸಿ, ಗಾಳಿಗೆ ಹಾರದಂತೆ ಕಲ್ಲು ಹೇರಿದರು. ಆಮೇಲೆ ಲಾರಿಯ ಮುಂದೆ ಕೂತು, ನಮ್ಮ ಲೆಕ್ಕದ ಚೀಟಿ ತೆಗೆದು, ಒಂದು ಲಕ್ಷ ಹದಿನೈದು ಸಾವಿರದ ಕೆಳಗೆ ಬಾಡಿಗೆ ಬರೆದು, ಅದರ ಕೆಳಗೆ 'ಶೀಟು, ನಾಲ್ಕು' ಎಂದು ಬರೆದುಕೊಂಡರು.