ಮೇಷ್ಟರ ಗಾಲ್ಫ್ ಪಾಠ

34 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ಮೇಲೆ, ಇನ್ನು ಯಾರ ಮುಂದೆಯೂ ವಿದ್ಯಾರ್ಥಿಯಾಗಿ ನಿಲ್ಲುವ ಪ್ರಸಂಗ ಬಾರದೆಂದು ನಂಬಿದ್ದೆ. ಆದರೆ ಸಕ್ಕರೆ ಕಾಯಿಲೆಗೆ ನಡೆಯಬೇಕೆಂದು ಡಾಕ್ಟರು ಹೇಳಿದರು. ಬೆಂಗಳೂರಿನ ಫುಟ್‌ಪಾತಿನಲ್ಲಿ ನಡೆದರೆ ಕಾಯಿಲೆಗಿಂತ ಮೊದಲು ಕಾಲೇ ಹೋದೀತೆಂದು ಅಳಿಯ ಹೇಳಿದ. ಅವನಿಗೆ ಗಾಲ್ಫಿನ ಹುಚ್ಚು. "ಹುಲ್ಲಿನ ಮೇಲೆ ನಡಿಗೆ ಮಾವ, ನಡುನಡುವೆ ಒಂದು ಚೆಂಡು ಹೊಡೆಯುವುದು, ಅಷ್ಟೇ" ಎಂದ. ಆ 'ಅಷ್ಟೇ' ಎಂಬ ಮಾತಿನಲ್ಲಿ ಎಷ್ಟು ಅಡಗಿತ್ತೆಂಬುದು ಆಮೇಲೆ ತಿಳಿಯಿತು.

ಬೆಂಗಳೂರಿನಲ್ಲಿ 1876ರಿಂದಲೇ ಗಾಲ್ಫ್ ಕ್ಲಬ್ಬಿದೆ. ಆದರೂ ನಮ್ಮಂಥವರು ಆ ಆಟವನ್ನು ಬೇಲಿಯ ಈಚೆಯಿಂದಲೇ ಬಲ್ಲವರು. ನಮ್ಮವರಲ್ಲಿ ಬೇಲಿ ದಾಟಿದವರೆಂದರೆ ಹೆಚ್ಚಾಗಿ ಆಟಗಾರರ ಚೀಲ ಹೊರುವ ಕ್ಯಾಡಿ ಹುಡುಗರು. ಅವರಿಗೆ ಯಾರೂ ಪಾಠ ಹೇಳಲಿಲ್ಲ. ನೋಡಿ ನೋಡಿಯೇ ಕಲಿತರು. ಹಾಗೆ ಕ್ಯಾಡಿಯಾಗಿದ್ದ ಬೆಂಗಳೂರಿನ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನೇ ಗೆದ್ದರು. ನನಗೆ ಗುರುವಾಗಿ ದೊರೆತವನೂ ಚೀಲ ಹೊತ್ತು ಬೆಳೆದವನೇ. ವಯಸ್ಸು ಮೂವತ್ತೈದಿರಬಹುದು. ಅವನು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದ. ಯಾರು ಯಾರಿಗೆ ಮೇಷ್ಟರೆಂಬುದು ಮೊದಲ ದಿನವೇ ಇತ್ಯರ್ಥವಾಯಿತು.

ನಾನು ಸಿದ್ಧನಾಗದೆ ಹೋಗಿರಲಿಲ್ಲ. ಬೆನ್ ಹೋಗನ್ 1957ರಲ್ಲಿ ಪ್ರಕಟಿಸಿದ ಐದು ಪಾಠಗಳ ಪುಸ್ತಕವನ್ನು ಓದಿ ಟಿಪ್ಪಣಿ ಮಾಡಿಕೊಂಡಿದ್ದೆ. ಬಲಗೈಯ ಕಿರುಬೆರಳು ಎಡಗೈಯ ತೋರುಬೆರಳಿನ ಮೇಲೆ ಕೂರಬೇಕು. ಈ ಹಿಡಿತಕ್ಕೆ, ಬ್ರಿಟಿಷ್ ಓಪನ್ನನ್ನು 6 ಸಲ ಗೆದ್ದ ಹ್ಯಾರಿ ವಾರ್ಡನ್ ಹೆಸರಿದೆ. ಎಲ್ಲವೂ ಬಾಯಿಪಾಠ. ಚೆಂಡಿನ ಮುಂದೆ ನಿಂತೆ, ಮೈಯ ಬಲವನ್ನೆಲ್ಲ ಕೂಡಿಸಿ ಬೀಸಿದೆ. ಹುಲ್ಲಿನ ಹೆಂಟೆಯೊಂದು ಹಾರಿತು. ಚೆಂಡು ಇದ್ದಲ್ಲೇ ಇತ್ತು. ಅದೇನು ಓಡುವ ಚೆಂಡೇ? ಕ್ರಿಕೆಟ್ಟಿನಲ್ಲಾದರೆ ಬೌಲರನನ್ನು ಬಯ್ಯಬಹುದು. ಇಲ್ಲಿ ಅದು ಸುಮ್ಮನೆ ಕುಳಿತು ನಮ್ಮನ್ನೇ ನೋಡುತ್ತಿರುತ್ತದೆ. ತಪ್ಪನ್ನು ಹೊರಿಸಲು ಇನ್ನೊಬ್ಬನಿಲ್ಲ.

"ಚೆಂಡನ್ನು ಎತ್ತೋದಕ್ಕೆ ಹೋಗ್ತಿದೀರಿ ಮೇಷ್ಟ್ರೇ. ಎತ್ತಬೇಡಿ. ಕೆಳಮುಖವಾಗಿ ಹೊಡೀರಿ, ಅದೇ ಏಳತ್ತೆ."

ಲೆಕ್ಕದ ಮೇಷ್ಟರಾದ ನನಗೆ ಇದು ಅರ್ಥವಾಗದ್ದೇನಲ್ಲ. ಏಳನೆಯ ನಂಬರಿನ ದಾಂಡಿನ ಮುಖವೇ ಸುಮಾರು 30 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಇಳಿಯುತ್ತ ಬಂದ ದಾಂಡು ಮೊದಲು ಚೆಂಡಿಗೆ ತಗುಲಿ, ಆಮೇಲೆ ನೆಲಕ್ಕೆ ತಗುಲಿದರೆ, ಆ ಓರೆಯೇ ಚೆಂಡನ್ನು ಮೇಲಕ್ಕೆ ಕಳಿಸುತ್ತದೆ. ಬೇಕಾದರೆ ಕರಿಹಲಗೆಯ ಮೇಲೆ ಚಿತ್ರ ಬರೆದು ತೋರಿಸಬಲ್ಲೆ. ಆದರೆ ತಲೆಗೆ ತಿಳಿದದ್ದು ಕೈಗೆ ತಿಳಿಯಲಿಲ್ಲ. ಮರುದಿನವೂ ಎತ್ತಲು ಹೋದೆ, ಅದರ ಮರುದಿನವೂ. ಅವನು ಅದೇ ಮಾತನ್ನು, ಅದೇ ದನಿಯಲ್ಲಿ, ಇವತ್ತೇ ಮೊದಲ ಸಲವೆಂಬಂತೆ ಹೇಳಿದ. ಹದಿನೈದು ದಿನದಲ್ಲಿ ಒಮ್ಮೆಯೂ 'ಎಷ್ಟು ಸಲ ಹೇಳಿದೆ' ಎನ್ನಲಿಲ್ಲ.

ಆ ಮಾತು ಅವನ ಬಾಯಿಂದ ಬರಲೆಂದು ನಾನು ಕಾದಿದ್ದೆನೆಂದರೆ ನಿಮಗೆ ವಿಚಿತ್ರವೆನಿಸೀತು. ಏಕೆಂದರೆ ನನ್ನ ಬಾಯಲ್ಲಿ ಅದು 34 ವರ್ಷ ಓಡಾಡಿದ ಮಾತು.

ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಭಿನ್ನರಾಶಿಯ ಭಾಗಾಕಾರ ಅವನಿಗೆ ಬಾರದು. ತಲೆಕೆಳಗು ಮಾಡಿ ಗುಣಿಸು ಎಂದು ಹೇಳಿಲ್ಲವೇ, ಎಷ್ಟು ಸಲ ಹೇಳಬೇಕು ಎಂದು ದಿನವೂ ಕೇಳುತ್ತಿದ್ದೆ. ಅವನು ನಿಯಮವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ಲೆಕ್ಕ ಮಾತ್ರ ತಪ್ಪುತ್ತಿತ್ತು. ಇದು ಉದ್ಧಟತನವೆಂದೇ ತಿಳಿದು ಬೆಂಚಿನ ಮೇಲೆ ನಿಲ್ಲಿಸಿದೆ, ಕೋಲನ್ನೂ ಎತ್ತಿದೆ. ದಸರೆಯ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಸೈಕಲ್ ಷಾಪಿಗೆ ಸೇರಿದನೆಂದು ಯಾರೋ ಹೇಳಿದರು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೀಟು ಹಾಕಿ ಮುಂದಿನ ಪಾಠಕ್ಕೆ ಹೋದೆ.

ಮೂರನೆಯ ವಾರ ಪಟಿಂಗ್ ಪಾಠ. ಹೊರಗಿನವರಿಗೆ ಇದು ಮಕ್ಕಳಾಟದಂತೆ ಕಾಣುತ್ತದೆ. ಚೆಂಡಿನ ವ್ಯಾಸ 1.68 ಅಂಗುಲ, ಕುಳಿಯದು 4.25 ಅಂಗುಲ, ಉರುಳಿಸಿದರಾಯಿತು. ನನ್ನ ಚೆಂಡು ಕುಳಿಯ ಅಂಚಿಗೆ ತಗುಲಿ, ಸುತ್ತು ಹಾಕಿ, ಆಚೆಗೆ ಓಡಿತು. "ದಾರಿ ಸರಿಯಿತ್ತು ಮೇಷ್ಟ್ರೇ, ವೇಗ ಹೆಚ್ಚು. ಜೋರಾಗಿ ಬಂದರೆ ಕುಳಿ ಚಿಕ್ಕದಾಗತ್ತೆ" ಎಂದ. ನಿಜವೇ. ಮೆಲ್ಲಗೆ ಬಂದ ಚೆಂಡು ಅಂಚಿನಿಂದಲೂ ಒಳಗೆ ಬೀಳುತ್ತದೆ. ರಭಸದಿಂದ ಬಂದದ್ದಕ್ಕೆ ನಟ್ಟನಡುವೆ ಬಿಟ್ಟರೆ ಬಾಗಿಲಿಲ್ಲ.

ದಣಿವಾರಿಸಿಕೊಳ್ಳುವಾಗ ಕೇಳಿದೆ: "ಏನಪ್ಪ, ನೀನು ಎಷ್ಟರವರೆಗೆ ಓದಿದೆ?"

"ಎಂಟರವರೆಗೆ. ಲೆಕ್ಕ ತಲೆಗೆ ಹತ್ತಲಿಲ್ಲ ಮೇಷ್ಟ್ರೇ, ಏಟು ಮಾತ್ರ ಮೈಗೆ ಹತ್ತಿತು" ಎಂದು ನಕ್ಕ.

ಅವನು ನನ್ನ ಶಾಲೆಯವನಲ್ಲ. ಅವನ ಊರೂ ಬೇರೆ. ಆದರೂ ನನಗೆ ನಗು ಬರಲಿಲ್ಲ. ಆ ದಿನ ಮತ್ತೊಂದು ಚೆಂಡನ್ನು ಉರುಳಿಸಲು ಕೈ ಏಳಲಿಲ್ಲ.

ಸಂಜೆ ಮೊಮ್ಮಗಳು ಲೆಕ್ಕದ ಪುಸ್ತಕ ತಂದಳು. ಅರ್ಧವನ್ನು ಕಾಲಿನಿಂದ ಭಾಗಿಸಬೇಕು. ತಪ್ಪು ಮಾಡಿದಳು, ಮತ್ತೆ ತಪ್ಪು ಮಾಡಿದಳು. ನನ್ನ ಹಳೆಯ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿದೆ. ಒಳಗಿಂದ ಅರ್ಧ ಒಬ್ಬಟ್ಟು ತರಿಸಿ, ಇದರಲ್ಲಿ ಕಾಲು ಕಾಲಿನ ತುಂಡು ಎಷ್ಟಾಗುತ್ತವೆ, ನೀನೇ ಮಾಡಿ ನೋಡು ಎಂದೆ. ಮುರಿದಳು. "ಎರಡು ತಾತ!" ಎಂದವಳೇ ಎರಡನ್ನೂ ತಿಂದಳು.

ಇಷ್ಟೇ ಸಾಕಾಗುತ್ತಿತ್ತು. ಒಂದು ಒಬ್ಬಟ್ಟಿನ ಖರ್ಚು.

ನನ್ನ ಚೆಂಡು ಈಗ ಹತ್ತರಲ್ಲಿ ನಾಲ್ಕು ಸಲ ಏಳುತ್ತದೆ. ಸಕ್ಕರೆಯೂ ಸ್ವಲ್ಪ ಇಳಿದಿದೆಯಂತೆ. ಆ ಸೈಕಲ್ ಷಾಪಿನ ಹುಡುಗ ಈಗ ಎಲ್ಲಿದ್ದಾನೋ ಕಾಣೆ. ಅವನಿಗೂ ಮಕ್ಕಳು ದೊಡ್ಡವರಾಗಿರಬೇಕು. ಈ ಪತ್ರಿಕೆ ಅವನ ಕಣ್ಣಿಗೆ ಬಿದ್ದರೆ, ಅಪ್ಪಾ, ಅಂದು ನಿನ್ನ ಲೆಕ್ಕ ತಪ್ಪಿದ್ದಕ್ಕೆ ಕಾರಣ ನೀನೊಬ್ಬನೇ ಅಲ್ಲ.