ಬಾಟಲಿ, ಮೂಟೆ ಮತ್ತು ಒಂದು ಲೆಕ್ಕ

2022ರ ಮುಂಗಾರು. ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಭತ್ತಕ್ಕೆ ಮೇಲುಗೊಬ್ಬರ ತರಲು ಸೊಸೈಟಿಗೆ ಹೋಗಿದ್ದ ರೈತರೊಬ್ಬರು ಮರಳಿದಾಗ ಅವರ ಬಳಿ ಯೂರಿಯಾ ಮೂಟೆ ಇರಲಿಲ್ಲ. ಕೈಯಲ್ಲಿದ್ದುದು ಅರ್ಧ ಲೀಟರಿನ ಒಂದು ಬಾಟಲಿ.

'ನ್ಯಾನೊ ಯೂರಿಯಾ ಅಂತೆ ಮಗ. ಈ ಬಾಟ್ಲಿ ಒಂದ್ ಮೂಟೆಗೆ ಸಮ ಅಂತವ್ರೆ' ಎಂದರು.

ಮಗಳು ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಳು. ಅವಳ ಕಾಲೇಜಿನ ಫೀಸು, ಮನೆಯ ಸಾಲ, ವರ್ಷದ ಅನ್ನ ಎಲ್ಲವೂ ಆ ಎರಡು ಎಕರೆ ಗದ್ದೆಯಿಂದಲೇ ಬರಬೇಕಿತ್ತು.

ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಇಫ್ಕೊ ಸಂಸ್ಥೆ 2021ರಲ್ಲಿ ಬಿಡುಗಡೆ ಮಾಡಿದ ಈ ದ್ರವದ ಕಣಗಳ ಗಾತ್ರ 20ರಿಂದ 50 ನ್ಯಾನೊಮೀಟರ್ ಎಂದು ಸಂಸ್ಥೆ ಹೇಳಿತ್ತು. ಇದರ ಹಿಂದಿನ ಆಸೆ ಒಳ್ಳೆಯದೇ. ಗದ್ದೆಗೆ ಎರಚಿದ ಯೂರಿಯಾದ ಸಾರಜನಕದಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಭತ್ತಕ್ಕೆ ದಕ್ಕುತ್ತದೆ. ಉಳಿದುದರಲ್ಲಿ ಬಹುಪಾಲು ಅನಿಲವಾಗಿ ಗಾಳಿಗೋ, ನೀರಿನೊಡನೆ ಕಾಲುವೆ, ಬಾವಿಗಳಿಗೋ ಸೇರುತ್ತದೆ. ಎಲೆಯ ಸೂಕ್ಷ್ಮರಂಧ್ರಗಳ ಮೂಲಕವೇ ಗೊಬ್ಬರ ಉಣಿಸಿದರೆ ಈ ನಷ್ಟ ತಪ್ಪೀತು ಎಂಬುದು ಆಲೋಚನೆ.

ಮಗಳು ಬಾಟಲಿಯ ಚೀಟಿ ಓದಿದಳು. ಸಾರಜನಕ ಶೇ. 4. ಅಂದರೆ 500 ಮಿಲಿಲೀಟರಿನಲ್ಲಿ 20 ಗ್ರಾಂ. 45 ಕಿಲೋ ಮೂಟೆಯಲ್ಲಿ ಶೇ. 46ರಂತೆ 20 ಕಿಲೋ 700 ಗ್ರಾಂ. ಅದರ ಮೂರನೇ ಒಂದು ಪಾಲು ಮಾತ್ರ ಪೈರಿಗೆ ಸಿಕ್ಕರೂ ಸುಮಾರು 7 ಕಿಲೋ ಆಯಿತು.

'ಚಿಕ್ಕದಾದ್ರೆ ಶಕ್ತಿ ಜಾಸ್ತಿ ಅಲ್ವಾ?' ಎಂದರು ತಂದೆ.

'ಚಿಕ್ಕದಾದ್ರೆ ಸುಲಭವಾಗಿ ಒಳಗೆ ಹೋಗಬಹುದು ಅಪ್ಪ. ಆದ್ರೆ 20 ಗ್ರಾಂ 20 ಗ್ರಾಮೇ. ಹತ್ತು ಕ್ವಿಂಟಾಲ್ ಭತ್ತದ ಕಾಳಲ್ಲೇ ಹತ್ತು ಕಿಲೋ ಮೇಲೆ ಸಾರಜನಕ ಇರತ್ತೆ. ಅದು ಎಲ್ಲಿಂದ ಬರಬೇಕು?'

ತಂದೆ ಸುಮ್ಮನಾದರು. ಮರುದಿನ ಹೋಗಿ ಮೂಟೆಯನ್ನೂ ತಂದರು. ಹತ್ತು ಗುಂಟೆಗೆ ಮಾತ್ರ ಬಾಟಲಿ, ಉಳಿದ ಗದ್ದೆಗೆ ಎಂದಿನ ಗೊಬ್ಬರ ಎಂದು ಇಬ್ಬರೂ ಮಾತಾಡಿಕೊಂಡರು. ಎರಡರ ಇಳುವರಿಯನ್ನೂ ಬೇರೆ ಬೇರೆ ತೂಗುವುದು ಮಗಳ ಕೆಲಸವಾಯಿತು. ಒಂದು ಗದ್ದೆಯ ತೂಕದಿಂದ ತೀರ್ಪು ಹೇಳಲಾಗದು ಎಂಬುದನ್ನೂ ಅವಳೇ ತಂದೆಗೆ ತಿಳಿಸಿದಳು.

ದೇಶದಾದ್ಯಂತ 11,000 ಹೊಲಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ ಇಳುವರಿ ಸರಾಸರಿ ಶೇ. 8ರಷ್ಟು ಹೆಚ್ಚಿತೆಂದು ಇಫ್ಕೊ ಹೇಳಿತ್ತು. ಆದರೆ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷಗಳ ಪ್ರಯೋಗದಲ್ಲಿ ಭತ್ತ, ಗೋಧಿ ಎರಡರ ಇಳುವರಿಯೂ ಕುಸಿಯಿತು. ಕಾಳಿನ ಸಾರಜನಕವೂ ತಗ್ಗಿತು. ಮುಂದೆ ಇಫ್ಕೊ ಹೆಚ್ಚು ಸಾರಜನಕವಿರುವ 'ನ್ಯಾನೊ ಯೂರಿಯಾ ಪ್ಲಸ್' ತಂದಿತು.

ಹಾಗೆಂದು ನ್ಯಾನೊ ವಿಜ್ಞಾನವನ್ನೇ ಹಳಿಯಬೇಕಿಲ್ಲ. ಸತುವಿನಂಥ ಪೋಷಕಾಂಶ ಗಿಡಕ್ಕೆ ಅತ್ಯಲ್ಪ ಸಾಕು. ಅಂಥ ಕಡೆ ಸೂಕ್ಷ್ಮ ಕಣಗಳಿಗೆ ಹೆಚ್ಚಿನ ಅವಕಾಶವಿದೆ. ಕಿಲೋಗಟ್ಟಲೆ ಬೇಕಾದ ಸಾರಜನಕದ ಮಾತು ಬೇರೆ.

ವಿದ್ಯಾರ್ಥಿಗಳೇ, ಆ ಹುಡುಗಿ ಬಳಸಿದ್ದು ಏಳನೇ ತರಗತಿಯ ಶೇಕಡಾ ಲೆಕ್ಕವನ್ನಷ್ಟೇ. ಆ ಮನೆಗೆ ಈಗ ಯಾವ ಹೊಸ ಔಷಧಿ, ಗೊಬ್ಬರ ಬಂದರೂ ತಂದೆ ಅದನ್ನು ಮೊದಲು ಮಗಳ ಮುಂದಿಡುತ್ತಾರೆ.

'ಏನ್ ಬರ್ದವ್ರೆ ಓದು ಮಗ. ಆಮೇಲೆ ಲೆಕ್ಕ ಹಾಕು.'